ಇಂಗಾಲದ ಆಶ್ರಯದಲ್ಲಿ ಲಿಥಿಯಂ: ಒಂದು ಲೋಹದ ನಿರ್ಗಮನ ಮತ್ತು ಪುನರಾಗಮನದ ಚರಿತ್ರೆ

ಪೀಠಿಕೆ

ಲಿಥಿಯಂ-ಅಯಾನು ಬ್ಯಾಟರಿಯ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ಗೆಲುವಿನ ಕಥೆಯಾಗಿ ನಿರೂಪಿಸಲಾಗುತ್ತದೆ. 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದದ್ದು, ಮುಂದಿನ ಮೂರು ದಶಕಗಳಲ್ಲಿ ಅದು ಸಂಚಾರಿ ದೂರವಾಣಿ, ಗಣಕಯಂತ್ರ ಮತ್ತು ವಾಹನಗಳಿಗೆ ವ್ಯಾಪಿಸಿದ್ದು, 2019ರಲ್ಲಿ ಜಾನ್ ಗುಡೆನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದದ್ದು ಈ ಕಥೆಯ ಪರಿಚಿತ ಘಟ್ಟಗಳು. ಆದರೆ ಈ ಗೆಲುವಿನ ಹಿಂದೆ ಒಂದು ಸೋಲು ಇದೆ. ಮೊದಲು ಬಯಸಿದ್ದು ಲಿಥಿಯಂ ಲೋಹವನ್ನೇ ಋಣಾಗ್ರವಾಗಿ ಉಳ್ಳ ಬ್ಯಾಟರಿಯನ್ನು. ಅದು ಬೆಂಕಿ ಹೊತ್ತಿಕೊಂಡು ಸೋತಿತು. ಸೋತ ಲೋಹದ ಸ್ಥಾನವನ್ನು ಇಂಗಾಲ ತುಂಬಿತು.

ಸುಮಾರು ಕಾಲು ಶತಮಾನದ ಬಳಿಕ, 2014ರಿಂದ ಈಚೆಗೆ, ಅದೇ ಇಂಗಾಲ ಅದೇ ಲೋಹವನ್ನು ಬ್ಯಾಟರಿಗೆ ಮರಳಿ ತರುವ ಸಾಧನವಾಗಿ ಸಂಶೋಧಕರ ಗಮನ ಸೆಳೆಯಿತು. ಮೊದಲ ಸಲ ಇಂಗಾಲವು ಲಿಥಿಯಂ ಅಯಾನುಗಳಿಗೆ ಮನೆಯಾಗಿತ್ತು. ಎರಡನೆಯ ಸಲ ಲಿಥಿಯಂ ಲೋಹಕ್ಕೇ ಮನೆಯಾಗಬೇಕಾಯಿತು. ಈ ಎರಡು ಪಾತ್ರಗಳ ನಡುವಿನ ವ್ಯತ್ಯಾಸವೇನು, ಎರಡನೆಯ ಪಾತ್ರದ ಅಗತ್ಯ ಏಕೆ ಬಂತು, ಅದರ ಸಾಧನೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆಗಳನ್ನು ಚಾರಿತ್ರಿಕ ಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಲೋಹದ ಆಕರ್ಷಣೆ

1817ರಲ್ಲಿ ಸ್ವೀಡನ್ನಿನ ಯೋಹಾನ್ ಆಗಸ್ಟ್ ಆರ್ಫ್ವೆಡ್ಸನ್, ಬರ್ಜೀಲಿಯಸ್‌ನ ಪ್ರಯೋಗಾಲಯದಲ್ಲಿ ಪೆಟಲೈಟ್ ಎಂಬ ಖನಿಜವನ್ನು ವಿಶ್ಲೇಷಿಸುತ್ತಿದ್ದಾಗ ಲಿಥಿಯಂ ಧಾತುವನ್ನು ಗುರುತಿಸಿದ. ಕಲ್ಲಿನಲ್ಲಿ ದೊರೆತದ್ದರಿಂದ ಗ್ರೀಕ್ ಭಾಷೆಯ ಕಲ್ಲು ಎಂಬ ಪದವೇ ಅದರ ಹೆಸರಿಗೆ ಮೂಲವಾಯಿತು. 1855ರಲ್ಲಿ ಬುನ್ಸೆನ್ ಮತ್ತು ಮ್ಯಾಥಿಸೆನ್ ವಿದ್ಯುದ್ವಿಭಜನೆಯ ಮೂಲಕ ಅದನ್ನು ಪರೀಕ್ಷೆಗೆ ಸಾಕಾಗುವಷ್ಟು ಪ್ರಮಾಣದಲ್ಲಿ ಬೇರ್ಪಡಿಸಿದರು. ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದದ್ದು ಇದು. ಒಂದು ಘನ ಸೆಂಟಿಮೀಟರಿಗೆ ಕೇವಲ 0.534 ಗ್ರಾಂ. 1913ರಲ್ಲಿ ಗಿಲ್ಬರ್ಟ್ ಲೂಯಿಸ್ ಮತ್ತು ಫ್ರೆಡರಿಕ್ ಕೀಸ್ ಇದರ ವಿದ್ಯುದಗ್ರ ವಿಭವವನ್ನು ಅಳೆದರು. ಪ್ರಮಾಣಿತ ಹೈಡ್ರೊಜನ್ ವಿದ್ಯುದಗ್ರಕ್ಕೆ ಹೋಲಿಸಿದರೆ ಅದು ಮೈನಸ್ 3.04 ವೋಲ್ಟ್ ಎಂಬುದು ಇಂದು ಅಂಗೀಕೃತವಾಗಿರುವ ಮೌಲ್ಯ.

ಹಗುರತೆ ಮತ್ತು ಋಣವಿಭವ ಎಂಬ ಈ ಎರಡು ಗುಣಗಳು ಒಂದೇ ಧಾತುವಿನಲ್ಲಿ ಕೂಡಿರುವುದೇ ಲಿಥಿಯಂನ ಆಕರ್ಷಣೆಗೆ ಕಾರಣ. ಒಂದು ಗ್ರಾಂ ಲಿಥಿಯಂ ಲೋಹ 3860 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುದಾವೇಶವನ್ನು ನೀಡಬಲ್ಲದು. ಇಂದಿನ ಲಿಥಿಯಂ-ಅಯಾನು ಬ್ಯಾಟರಿಯ ಋಣಾಗ್ರವಾದ ಗ್ರಾಫೈಟಿನ ಸೈದ್ಧಾಂತಿಕ ಸಾಮರ್ಥ್ಯ ಒಂದು ಗ್ರಾಂಗೆ 372 ಮಾತ್ರ. ಹತ್ತು ಪಟ್ಟಿಗೂ ಮಿಗಿಲಾದ ಈ ಅಂತರವೇ ಮುಂದಿನ ಎಲ್ಲ ಪ್ರಯತ್ನಗಳ ಪ್ರೇರಣೆ.

ಆದರೆ ಲಿಥಿಯಂ ನೀರಿನೊಡನೆ ತೀವ್ರವಾಗಿ ವರ್ತಿಸುತ್ತದೆ. ಅದನ್ನು ಬ್ಯಾಟರಿಯಲ್ಲಿ ಬಳಸಬೇಕಾದರೆ ನೀರಿಲ್ಲದ ವಿದ್ಯುದ್ವಿಭಾಜ್ಯ, ಅಂದರೆ ಅಯಾನುಗಳನ್ನು ಸಾಗಿಸುವ ಮಾಧ್ಯಮ, ಬೇಕು. 1958ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ವಿಲಿಯಂ ಹ್ಯಾರಿಸ್ ಮಂಡಿಸಿದ ಮಹಾಪ್ರಬಂಧ ಈ ದಿಕ್ಕಿನಲ್ಲಿ ನಿರ್ಣಾಯಕವಾಯಿತು. ಪ್ರೊಪಿಲೀನ್ ಕಾರ್ಬೊನೇಟಿನಂಥ ಸಾವಯವ ದ್ರಾವಕಗಳಲ್ಲಿ ಲಿಥಿಯಂ ಲೋಹವನ್ನು ವಿದ್ಯುತ್ತಿನ ಮೂಲಕ ಲೇಪಿಸಬಹುದು ಎಂಬುದು ಅದರಿಂದ ಸ್ಪಷ್ಟವಾಯಿತು. 1970ರ ದಶಕದಲ್ಲಿ ಒಮ್ಮೆ ಬಳಸಿ ಬಿಸಾಡುವ ಲಿಥಿಯಂ ಕೋಶಗಳು ಬಳಕೆಗೆ ಬಂದವು. 1972ರಲ್ಲಿ ಲಿಥಿಯಂ-ಅಯೊಡಿನ್ ಕೋಶವನ್ನುಳ್ಳ ಹೃದಯ ಗತಿನಿಯಂತ್ರಕವನ್ನು ಇಟಲಿಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಒಮ್ಮೆ ಮಾತ್ರ ವಿಸರ್ಜನೆಗೊಳ್ಳುವ ಕೋಶದಲ್ಲಿ ಲೋಹವು ಕರಗುವುದೊಂದೇ ಕ್ರಿಯೆ. ಅದು ಮತ್ತೆ ಕೂಡಿಕೊಳ್ಳಬೇಕಾದ ಪ್ರಸಂಗವೇ ಇಲ್ಲ. ತೊಡಕು ಆರಂಭವಾಗುವುದು ಕರಗಿದ ಲೋಹವನ್ನು ಮರಳಿ ಕೂಡಿಸುವಾಗ.

ಎಕ್ಸಾನ್‌ನಿಂದ ಮೋಲಿಯವರೆಗೆ

1970ರ ದಶಕದ ತೈಲ ಬಿಕ್ಕಟ್ಟಿನ ಹಿನ್ನೆಲೆಯಲ್ಲಿ ಅಮೆರಿಕದ ಎಕ್ಸಾನ್ ತೈಲ ಸಂಸ್ಥೆ ಪರ್ಯಾಯ ಶಕ್ತಿಮೂಲಗಳ ಸಂಶೋಧನೆಗೆ ಹಣ ತೊಡಗಿಸಿತು. ಅಲ್ಲಿ ವಿಟಿಂಗ್‌ಹ್ಯಾಮ್ ಟೈಟೇನಿಯಂ ಡೈಸಲ್ಫೈಡ್ ಎಂಬ ಪದರ ರಚನೆಯ ವಸ್ತುವನ್ನು ಧನಾಗ್ರವಾಗಿಯೂ ಲಿಥಿಯಂ ಲೋಹವನ್ನು ಋಣಾಗ್ರವಾಗಿಯೂ ಉಳ್ಳ, ಮರುಪೂರಣ ಮಾಡಬಹುದಾದ ಬ್ಯಾಟರಿಯನ್ನು ರೂಪಿಸಿ, 1976ರಲ್ಲಿ ಪ್ರಕಟಿಸಿದರು. ಧನಾಗ್ರದ ಪದರಗಳ ನಡುವೆ ಅಯಾನುಗಳು ಸೇರಿ ಹೊರಬರುವ ಈ ಕ್ರಿಯೆಗೆ ಅಂತರ್ನಿವೇಶನ ಎಂದು ಹೆಸರು. ಆ ಭಾಗ ಸಮರ್ಪಕವಾಗಿ ನಡೆಯಿತು. ಋಣಾಗ್ರದಲ್ಲಿ ಹಾಗಾಗಲಿಲ್ಲ. ಪೂರಣದ ವೇಳೆ, ಅಂದರೆ ಚಾರ್ಜ್ ಮಾಡುವಾಗ, ಲಿಥಿಯಂ ಸಮತಟ್ಟಾಗಿ ಕೂಡದೆ ಕವಲೊಡೆದ ಸೂಜಿಗಳಂತೆ ಬೆಳೆಯಿತು. ಡೆಂಡ್ರೈಟ್ ಎಂದು ಕರೆಯಲಾಗುವ ಈ ಕವಲುಗಳು ಎರಡು ವಿದ್ಯುದಗ್ರಗಳನ್ನು ಬೇರ್ಪಡಿಸುವ ತೆಳುಪೊರೆಯನ್ನು ಭೇದಿಸಿದರೆ ಹ್ರಸ್ವಮಂಡಲವುಂಟಾಗಿ ಕೋಶ ಹೊತ್ತಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಹಲವು ಬಾರಿ ಬೆಂಕಿ ಹತ್ತಿದ್ದನ್ನೂ, ಲಿಥಿಯಂ ಬೆಂಕಿ ನಂದಿಸಲು ಬೇಕಾದ ವಿಶೇಷ ರಾಸಾಯನಿಕಗಳ ವೆಚ್ಚವನ್ನು ಭರಿಸಬೇಕಾದೀತೆಂದು ಅಗ್ನಿಶಾಮಕ ದಳ ಎಚ್ಚರಿಸಿದ್ದನ್ನೂ ನೊಬೆಲ್ ಪಾರಿತೋಷಕದ ಪರಿಚಯ ಲೇಖನ ದಾಖಲಿಸಿದೆ. ಸುರಕ್ಷತೆಗಾಗಿ ಲೋಹಕ್ಕೆ ಅಲ್ಯೂಮಿನಿಯಂ ಬೆರೆಸಲಾಯಿತು. 1980ರ ದಶಕದ ಆರಂಭದಲ್ಲಿ ತೈಲದ ಬೆಲೆ ಕುಸಿದಾಗ ಎಕ್ಸಾನ್ ಈ ಕಾರ್ಯವನ್ನು ಕೈಬಿಟ್ಟಿತು.

ಇದೇ ಕಾಲದಲ್ಲಿ ಕೆನಡದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ಭೌತವಿಜ್ಞಾನಿ ರುಡಾಲ್ಫ್ ಹೇರಿಂಗ್ ಅವರ ಸಂಶೋಧನೆಯ ಫಲವಾಗಿ 1977ರಲ್ಲಿ ಮೋಲಿ ಎನರ್ಜಿ ಸಂಸ್ಥೆ ಸ್ಥಾಪನೆಯಾಯಿತು. ಮಾಲಿಬ್ಡಿನಂ ಡೈಸಲ್ಫೈಡನ್ನು ಧನಾಗ್ರವಾಗಿ, ಲಿಥಿಯಂ ಲೋಹವನ್ನು ಋಣಾಗ್ರವಾಗಿ ಉಳ್ಳ ಅದರ ಮರುಪೂರಣ ಕೋಶಗಳು 1980ರ ದಶಕದ ಉತ್ತರಾರ್ಧದಲ್ಲಿ ಮಾರುಕಟ್ಟೆಗೆ ಬಂದವು. 1989ರಲ್ಲಿ ಜಪಾನಿನಲ್ಲಿ ಈ ಕೋಶಗಳನ್ನು ಬಳಸಿದ್ದ ಸಂಚಾರಿ ದೂರವಾಣಿಗೆ ಬೆಂಕಿ ಹತ್ತಿದ ಘಟನೆ ನಡೆದು, ಸಂಸ್ಥೆ ತನ್ನ ಕೋಶಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಆರ್ಥಿಕವಾಗಿ ಕುಸಿದ ಸಂಸ್ಥೆ 1990ರಲ್ಲಿ ಜಪಾನಿನ ಒಡೆತನಕ್ಕೆ ಹೋಯಿತು.

ಪ್ರಯೋಗಾಲಯದ ಪರೀಕ್ಷೆಗಳನ್ನು ದಾಟಿ ಜನರ ಜೇಬಿಗೆ ತಲುಪಿದ ಮೇಲೂ ಲಿಥಿಯಂ ಲೋಹದ ಕೋಶ ವಿಫಲವಾಗಬಹುದೆಂಬುದನ್ನು ಈ ಘಟನೆ ತೋರಿಸಿತು. ಕೋಟಿಗಟ್ಟಲೆ ಜನರ ಕೈಗೆ ಹೋಗುವ ಮರುಪೂರಣ ಬ್ಯಾಟರಿಗಳಿಂದ ಈ ಲೋಹ ಬಹುಕಾಲ ದೂರವೇ ಉಳಿಯಿತು.

ಅಯಾನುಗಳ ಮನೆಯಾಗಿ ಇಂಗಾಲ

ಪರ್ಯಾಯದ ಬೀಜಗಳು ಆ ವೇಳೆಗಾಗಲೇ ಬೇರೆಡೆ ಮೊಳೆತಿದ್ದವು. ಗ್ರಾಫೈಟ್ ಇಂಗಾಲದ ಪರಮಾಣುಗಳು ಷಟ್ಕೋನ ಜಾಲವಾಗಿ ಹೆಣೆದ ಹಾಳೆಗಳ ಅಡುಕು. ಹಾಳೆಗಳ ನಡುವೆ ಅನ್ಯ ಪರಮಾಣುಗಳು ಸೇರಬಲ್ಲವು. ಫ್ರಾನ್ಸಿನ ಗೆರಾರ್ ಮತ್ತು ಹೆರೊಲ್ಡ್ 1975ರಲ್ಲಿ ಲಿಥಿಯಂ-ಗ್ರಾಫೈಟ್ ಸಂಯುಕ್ತಗಳನ್ನು ವಿವರಿಸಿದರು. ಆರು ಇಂಗಾಲ ಪರಮಾಣುಗಳಿಗೆ ಒಂದು ಲಿಥಿಯಂ ಎಂಬುದು ಅದರ ಪೂರ್ಣಸ್ಥಿತಿ. ಗ್ರಾಫೈಟಿನ 372 ಎಂಬ ಮಿತಿ ಈ ಅನುಪಾತದಿಂದಲೇ ಬರುತ್ತದೆ.

ಇದನ್ನು ಬ್ಯಾಟರಿಯಲ್ಲಿ ಬಳಸಲು ಇದ್ದ ಅಡ್ಡಿ ದ್ರಾವಕದ್ದು. ಪ್ರೊಪಿಲೀನ್ ಕಾರ್ಬೊನೇಟ್ ಗ್ರಾಫೈಟಿನ ಮೇಲೆ ವಿಘಟನೆಗೊಳ್ಳುವುದನ್ನು 1970ರಲ್ಲೇ ಡೇ ಮತ್ತು ಸುಲಿವನ್ ವರದಿ ಮಾಡಿದ್ದರು. ಲಿಥಿಯಂ ಜೊತೆಗೆ ದ್ರಾವಕದ ಅಣುಗಳೂ ಹಾಳೆಗಳ ನಡುವೆ ನುಗ್ಗಿ, ಗ್ರಾಫೈಟನ್ನು ಸುಲಿದುಹಾಕುತ್ತಿದ್ದವು. ಜರ್ಮನಿಯಲ್ಲಿ ಯೂರ್ಗೆನ್ ಬೆಸೆನ್‌ಹಾರ್ಡ್ 1970ರ ದಶಕದಲ್ಲಿ ಈ ಕ್ರಿಯೆಯನ್ನು ವಿವರವಾಗಿ ಅಭ್ಯಸಿಸಿದರು. ಬೆಲ್ ಪ್ರಯೋಗಾಲಯದ ಸಮರ್ ಬಸು 1981ರಲ್ಲಿ ಲಿಥಿಯಂ-ಗ್ರಾಫೈಟ್ ಋಣಾಗ್ರದ ಬಗ್ಗೆ ಅಮೆರಿಕದ ಪೇಟೆಂಟ್ ಪಡೆದರು. ರಶೀದ್ ಯಜಾಮಿ ಮತ್ತು ಟೂಜೆನ್ 1983ರಲ್ಲಿ, ದ್ರಾವಕದ ಬದಲಿಗೆ ಪಾಲಿಮರ್ ವಿದ್ಯುದ್ವಿಭಾಜ್ಯವನ್ನು ಬಳಸಿ, ಗ್ರಾಫೈಟಿನೊಳಕ್ಕೆ ಲಿಥಿಯಂ ಹೋಗಿ ಮರಳಿ ಬರುವುದನ್ನು ಪ್ರಕಟಿಸಿದರು.

ಇನ್ನೊಂದು ಹಾದಿಯಲ್ಲಿ, ಆಕ್ಸ್‌ಫರ್ಡಿನಲ್ಲಿ ಗುಡೆನಫ್ ಮತ್ತು ಸಹೋದ್ಯೋಗಿಗಳು 1980ರಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಧನಾಗ್ರವಾಗಿ ಮುಂದಿಟ್ಟರು. ಈ ವಸ್ತುವಿನಲ್ಲಿ ಲಿಥಿಯಂ ಮೊದಲೇ ಅಡಗಿರುವುದರಿಂದ ಋಣಾಗ್ರದಲ್ಲಿ ಲೋಹವನ್ನು ಇಡುವ ಅಗತ್ಯವೇ ಉಳಿಯಲಿಲ್ಲ. ಜಪಾನಿನ ಅಸಾಹಿ ಕಸೇ ಸಂಸ್ಥೆಯ ಯೋಶಿನೊ ಇದನ್ನು ಮೊದಲು ಪಾಲಿಅಸಿಟಲೀನಿನೊಡನೆ, 1985ರ ವೇಳೆಗೆ ಇಂಗಾಲದ ಋಣಾಗ್ರದೊಡನೆ ಜೋಡಿಸಿದರು. 1986ರಲ್ಲಿ ಅವರು ಸ್ಫೋಟಕಗಳನ್ನು ಪರೀಕ್ಷಿಸುವ ತಾಣದಲ್ಲಿ ತಮ್ಮ ಬ್ಯಾಟರಿಯ ಮೇಲೆ ಕಬ್ಬಿಣದ ಭಾರೀ ತುಂಡನ್ನು ಬೀಳಿಸಿದಾಗ ಏನೂ ಆಗಲಿಲ್ಲ. ಲಿಥಿಯಂ ಲೋಹವುಳ್ಳ ಬ್ಯಾಟರಿಯ ಮೇಲೆ ಬೀಳಿಸಿದಾಗ ಅದು ಸಿಡಿಯಿತು. ಲಿಥಿಯಂ-ಅಯಾನು ಬ್ಯಾಟರಿಯ ಜನನಕ್ಷಣವೇ ಅದು ಎಂದು ಯೋಶಿನೊ ಮುಂದೆ ನೆನೆದಿದ್ದಾರೆ. 1991ರ ಸೋನಿ ಬ್ಯಾಟರಿಯಲ್ಲಿ ಇದ್ದದ್ದು ಗ್ರಾಫೈಟಿನಷ್ಟು ಕ್ರಮಬದ್ಧವಲ್ಲದ ಇಂಗಾಲ.

ಗ್ರಾಫೈಟಿನ ಬಳಕೆಗೆ ದಾರಿ ತೆರೆದ ಲೇಖನದ ಮೂಲ ಚರಿತ್ರೆಕಾರರ ದೃಷ್ಟಿಯಿಂದ ಗಮನಾರ್ಹವಾದದ್ದು. 1990ರಲ್ಲಿ ಫಾಂಗ್, ಫಾನ್ ಸಾಕೆನ್ ಮತ್ತು ಜೆಫ್ ಡಾನ್ ಎಥಿಲೀನ್ ಕಾರ್ಬೊನೇಟ್ ಬೆರೆಸಿದ ವಿದ್ಯುದ್ವಿಭಾಜ್ಯದಲ್ಲಿ ಗ್ರಾಫೈಟ್ ಸುಲಿದುಹೋಗದೆ ಉಳಿಯುತ್ತದೆ ಎಂದು ತೋರಿಸಿದರು. ಮೊದಲ ಪೂರಣದಲ್ಲಿ ದ್ರಾವಕದ ಅಲ್ಪಭಾಗ ವಿಘಟನೆಗೊಂಡು ಇಂಗಾಲದ ಮೇಲೆ ರಕ್ಷಕ ಪೊರೆಯಾಗುತ್ತದೆ. ಆ ಬಳಿಕ ಲಿಥಿಯಂ ಅಯಾನು ಮಾತ್ರ ಒಳಹೋಗುತ್ತದೆ. ಈ ಮೂವರೂ ಕೆಲಸ ಮಾಡುತ್ತಿದ್ದುದು ಮೋಲಿ ಎನರ್ಜಿಯಲ್ಲಿ. ಲೋಹದ ಬೆಂಕಿಯಿಂದ ಕುಸಿದ ಸಂಸ್ಥೆಯಿಂದಲೇ ಲೋಹವಿಲ್ಲದ ಬ್ಯಾಟರಿಗೆ ಅಗತ್ಯವಾದ ತಿಳಿವಳಿಕೆ ಬಂದಿತು.

ವೈಫಲ್ಯದ ವ್ಯಾಕರಣ

ಲೋಹ ಹೊರಹೋಯಿತಾದರೂ ಅದು ಏಕೆ ವಿಫಲವಾಯಿತು ಎಂಬ ವಿಚಾರಣೆ ನಿಲ್ಲಲಿಲ್ಲ. ಮೂರು ದೋಷಗಳು ಕ್ರಮೇಣ ಸ್ಪಷ್ಟವಾದವು.

ಮೊದಲನೆಯದು ಮೇಲ್ಮೈ ಪೊರೆಯ ದೌರ್ಬಲ್ಯ. ಇಸ್ರೇಲಿನ ಇಮ್ಯಾನುಯೆಲ್ ಪೆಲೆಡ್ 1979ರಲ್ಲಿ ಲಿಥಿಯಂ ಮತ್ತು ವಿದ್ಯುದ್ವಿಭಾಜ್ಯಗಳ ನಡುವೆ ಏರ್ಪಡುವ ಘನ ಅಂತರಪೊರೆಯ ಮಾದರಿಯನ್ನು ಮಂಡಿಸಿದರು. ಈ ಪೊರೆ ಅಯಾನುಗಳಿಗೆ ದಾರಿ ಕೊಡುತ್ತದೆ, ಇಲೆಕ್ಟ್ರಾನುಗಳನ್ನು ತಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಮುನಿಚಂದ್ರಯ್ಯ ಅವರು ಅಮೆರಿಕದ ಇಬ್ಬರು ಸಂಶೋಧಕರೊಡನೆ 1998ರಲ್ಲಿ ಪ್ರಕಟಿಸಿದ ಸಮೀಕ್ಷೆಯ ವಿಷಯವೂ ಲಿಥಿಯಂನ ಮೇಲ್ಮೈ ಪೊರೆಗಳೇ. ಗ್ರಾಫೈಟಿನ ಮೇಲೆ ಪೊರೆ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ, ಏಕೆಂದರೆ ಗ್ರಾಫೈಟಿನ ಗಾತ್ರ ಸುಮಾರು ಶೇಕಡ 10ರಷ್ಟು ಮಾತ್ರ ಬದಲಾಗುತ್ತದೆ. ಲೋಹದ ಮೇಲೆ ಹಾಗಲ್ಲ; ನೆಲವೇ ಕುಸಿದು ಉಬ್ಬುವಾಗ ಅದರ ಮೇಲಿನ ಪೊರೆ ಪ್ರತಿಬಾರಿ ಒಡೆಯುತ್ತದೆ, ಒಡೆದ ಕಡೆ ಹೊಸ ಲಿಥಿಯಂ ಮತ್ತು ದ್ರಾವಕ ವ್ಯಯವಾಗುತ್ತವೆ.

ಎರಡನೆಯದು ಈ ಉಬ್ಬರವಿಳಿತವೇ. ಒಂದು ಚದರ ಸೆಂಟಿಮೀಟರಿಗೆ 4 ಮಿಲಿಆಂಪಿಯರ್-ಗಂಟೆಯಷ್ಟು ಆವೇಶ ಸಂಚರಿಸಿದರೆ ಲಿಥಿಯಂ ಪದರ ಸುಮಾರು 19 ಮೈಕ್ರೊಮೀಟರ್ ದಪ್ಪಗಾಗುತ್ತದೆ ಮತ್ತು ಅಷ್ಟೇ ತೆಳ್ಳಗಾಗುತ್ತದೆ. ಗ್ರಾಫೈಟಿನಲ್ಲಿ ಲಿಥಿಯಂಗೆ ಮನೆಯುಂಟು. ಅದು ತೆರಳಿದರೂ ಮನೆ ನಿಂತಿರುತ್ತದೆ. ಬರಿಯ ಹಾಳೆಯಾಗಿರುವ ಲೋಹಕ್ಕೆ ಅಂಥ ಮನೆಯಿಲ್ಲ.

ಮೂರನೆಯದು ಕವಲುಗಳ ಬೆಳವಣಿಗೆ. ವಿದ್ಯುದಗ್ರದ ಬಳಿ ಅಯಾನುಗಳು ಬರಿದಾಗಲು ತಗಲುವ ಕಾಲವು ಪ್ರವಾಹ ಸಾಂದ್ರತೆಯ ವರ್ಗಕ್ಕೆ ವಿಲೋಮವಾಗಿರುತ್ತದೆ ಎಂದು ಸ್ಯಾಂಡ್ 1901ರಲ್ಲೇ ತೋರಿಸಿದ್ದ. 1990ರಲ್ಲಿ ಫ್ರಾನ್ಸಿನ ಶಜಾಲ್ವಿಯೆಲ್ ಕವಲೊಡೆದ ಲೋಹನಿಕ್ಷೇಪಗಳಿಗೆ ಸಿದ್ಧಾಂತವೊಂದನ್ನು ಕೊಟ್ಟರು: ಅಯಾನುಗಳು ಬರಿದಾದೆಡೆ ವಿದ್ಯುತ್ ಕ್ಷೇತ್ರ ತೀವ್ರಗೊಂಡು ಕವಲುಗಳನ್ನು ಸೆಳೆಯುತ್ತದೆ. ಆದರೆ ಪ್ರವಾಹ ಈ ಮಿತಿಗಿಂತ ಕಡಿಮೆಯಿದ್ದಾಗಲೂ ಲಿಥಿಯಂ ನಯವಾಗಿ ಕೂಡುವುದಿಲ್ಲ. ಬುಡದಿಂದ ತಳ್ಳಲ್ಪಟ್ಟು ಹಾವಸೆಯಂತೆ ಬೆಳೆಯುತ್ತದೆ. ಈ ಎರಡು ಬಗೆಯ ಬೆಳವಣಿಗೆಗಳ ನಡುವಣ ಸಂಕ್ರಮಣವನ್ನು 2016ರಲ್ಲಿ ಬಾಯ್, ಬಜಾಂಟ್ ಮತ್ತಿತರರು ಸ್ಪಷ್ಟಪಡಿಸಿದರು. ವಿಸರ್ಜನೆಯಲ್ಲಿ ಇಂಥ ಎಳೆಗಳ ಬುಡ ಮೊದಲು ಕರಗಿದರೆ ತುದಿ ಕಳಚಿಕೊಂಡು, ಸಂಪರ್ಕವಿಲ್ಲದ ನಿಷ್ಕ್ರಿಯ ಲಿಥಿಯಂ ಆಗಿ ಉಳಿಯುತ್ತದೆ. ಕವಲು ಸುರಕ್ಷತೆಯನ್ನು ಕೆಡಿಸಿದರೆ, ಕಳಚಿಕೊಂಡ ಲೋಹ ಆಯುಷ್ಯವನ್ನು ಕಡಿಮೆ ಮಾಡುತ್ತದೆ.

ಲೋಹದ ಮನೆಯಾಗಿ ಇಂಗಾಲ

ಲೋಹಕ್ಕೆ ಮನೆಯಿಲ್ಲದಿರುವುದು ಈ ದೋಷಗಳನ್ನೆಲ್ಲ ಉಲ್ಬಣಗೊಳಿಸುತ್ತದೆ ಎಂಬುದು ಮನದಟ್ಟಾದ ಮೇಲೆ, ಅಂಥ ಮನೆಯನ್ನು ಕಟ್ಟುವುದು ಸಹಜವಾದ ಮುಂದಿನ ಹೆಜ್ಜೆಯಾಯಿತು. ಅದಕ್ಕೆ ಇಂಗಾಲವೇ ಏಕೆ ಎಂಬುದಕ್ಕೆ ಕಾರಣಗಳು ಸರಳ. ಅದು ಹಗುರ, ವಿದ್ಯುದ್ವಾಹಕ, ಲಿಥಿಯಂನ ಸಾನ್ನಿಧ್ಯದಲ್ಲಿ ಬಾಳಿಕೆಯುಳ್ಳದ್ದು. ಟೊಳ್ಳು ಗೋಳ, ನಾಳ, ಹಾಳೆ, ನಾರು ಎಂಬ ಹಲವು ರೂಪಗಳನ್ನು ತಳೆಯಬಲ್ಲದು. ರಂಧ್ರಮಯ ಇಂಗಾಲದ ಚೌಕಟ್ಟಿನಲ್ಲಿ ಒಳಮೇಲ್ಮೈಯ ವಿಸ್ತೀರ್ಣ ಹತ್ತು ಪಟ್ಟಾದರೆ ಸ್ಥಳೀಯ ಪ್ರವಾಹ ಸಾಂದ್ರತೆ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸ್ಯಾಂಡ್‌ನ ಸೂತ್ರದ ಪ್ರಕಾರ ಅಯಾನುಗಳು ಬರಿದಾಗುವ ಕಾಲ, ಸಿದ್ಧಾಂತದಲ್ಲಿ, ನೂರು ಪಟ್ಟು ಮುಂದೆ ಹೋಗುತ್ತದೆ.

2014ರಲ್ಲಿ ಈ ದಿಕ್ಕಿನ ಎರಡು ಲೇಖನಗಳು ಪ್ರಕಟವಾದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಯಿ ಕುಯಿ ಅವರ ತಂಡ ತಾಮ್ರದ ಹಾಳೆಯ ಮೇಲೆ ಟೊಳ್ಳು ಇಂಗಾಲದ ನ್ಯಾನೊಗೋಳಗಳ ಹೊದಿಕೆಯನ್ನು ಹಾಸಿತು. ಲಿಥಿಯಂ ಗೋಳಗಳ ಕೆಳಗೆ ಕೂಡುತ್ತ ಹೊದಿಕೆಯನ್ನು ಮೇಲಕ್ಕೆತ್ತುತ್ತಿತ್ತು. ಪೊರೆ ಏರ್ಪಡುತ್ತಿದ್ದುದು ಹೊದಿಕೆಯ ಮೇಲೆ, ಲೋಹದ ಮೇಲಲ್ಲ. 150ಕ್ಕೂ ಹೆಚ್ಚು ಆವರ್ತಗಳಲ್ಲಿ ಶೇಕಡ 99ರಷ್ಟು ಕೂಲಂಬ್ ದಕ್ಷತೆಯನ್ನು ಅವರು ವರದಿ ಮಾಡಿದರು. ಅದೇ ವರ್ಷ ರೆನ್ಸೆಲೇರ್ ಪಾಲಿಟೆಕ್ನಿಕ್ ಸಂಸ್ಥೆಯ ನಿಖಿಲ್ ಕೊರಟ್ಕರ್ ಅವರ ತಂಡ ರಂಧ್ರಮಯ ಗ್ರಫೀನ್ ಜಾಲದ ದೋಷಸ್ಥಾನಗಳೇ ಲಿಥಿಯಂ ಲೋಹಕ್ಕೆ ನೆಲೆಯಾಗುತ್ತವೆ ಎಂದು ತೋರಿಸಿತು. ಗ್ರಾಫೈಟಿನಲ್ಲಿ ಅಪೂರ್ಣತೆಯೆನಿಸುವಂಥದ್ದು ಇಲ್ಲಿ ಅನುಕೂಲವಾಯಿತು.

ಮುಂದಿನ ತೊಡಕು ಅನಿರೀಕ್ಷಿತವಾಗಿತ್ತು. ಲಿಥಿಯಂ 180.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕರಗಿದ ಲೋಹವನ್ನು ಚೌಕಟ್ಟಿನೊಳಕ್ಕೆ ಹೀರಿಸುವುದು ಸುಲಭೋಪಾಯವೆನಿಸಬಹುದು. ಆದರೆ ಕೆಸುವಿನೆಲೆಯ ಮೇಲಿನ ನೀರಿನಂತೆ ಕರಗಿದ ಲಿಥಿಯಂ ಸಾಮಾನ್ಯ ಇಂಗಾಲಕ್ಕೆ ಅಂಟುವುದಿಲ್ಲ. ಇಂಗಾಲದ ಮೇಲ್ಮೈಯನ್ನು ಲಿಥಿಯಂ-ಸ್ನೇಹಿಯಾಗಿ ಮಾಡಬೇಕು ಎಂಬ ಪರಿಕಲ್ಪನೆ ಇಲ್ಲಿ ಹುಟ್ಟಿತು. 2016ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಇದಕ್ಕೆ ಮೂರು ಉತ್ತರಗಳನ್ನು ಪ್ರಕಟಿಸಿತು. ಇಂಗಾಲದ ನಾರುಗಳಿಗೆ ಸಿಲಿಕಾನ್ ಲೇಪಿಸುವುದು ಒಂದು. ಟೊಳ್ಳು ಇಂಗಾಲಗೋಳದೊಳಗೆ ಚಿನ್ನದ ನ್ಯಾನೊಕಣವನ್ನಿಡುವುದು ಇನ್ನೊಂದು. ಚಿನ್ನ ಲಿಥಿಯಂನಲ್ಲಿ ಕರಗಬಲ್ಲದಾದ್ದರಿಂದ ಲೋಹದ ಮೊಳಕೆ ಗೋಳದೊಳಗೇ ಆರಂಭವಾಗುತ್ತದೆ. ಮೂರನೆಯದು ಅಪಕರ್ಷಿತ ಗ್ರಫೀನ್ ಆಕ್ಸೈಡಿನ ಹಾಳೆಗಳ ನಡುವೆ ಕರಗಿದ ಲಿಥಿಯಂ ತಾನಾಗಿಯೇ ಹರಿದುಹೋಗುವಂತೆ ಮಾಡುವುದು. ಹಾಳೆಯ ಮೇಲೆ ಉಳಿದ ಆಮ್ಲಜನಕದ ಗುಂಪುಗಳೇ ಇದಕ್ಕೆ ನೆರವು. ಈ ಕೊನೆಯ ಮಾದರಿಯಲ್ಲಿ ಇಂಗಾಲದ ಪಾಲು ತೂಕದಲ್ಲಿ ಶೇಕಡ 7 ಮಾತ್ರ. ಒಂದು ಗ್ರಾಂಗೆ ಸುಮಾರು 3390 ಮಿಲಿಆಂಪಿಯರ್-ಗಂಟೆಯ ಸಾಮರ್ಥ್ಯವೂ ಸುಮಾರು ಶೇಕಡ 20ರಷ್ಟು ಗಾತ್ರ ವ್ಯತ್ಯಾಸವೂ ವರದಿಯಾದವು. 2017ರಲ್ಲಿ ಚೀನದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಕಿಯಾಂಗ್ ಜಾಂಗ್ ಅವರ ತಂಡ ಗ್ರಫೀನಿನಲ್ಲಿ ಸಾರಜನಕದ ಪರಮಾಣುಗಳನ್ನು ಸೇರಿಸಿದರೆ ಲಿಥಿಯಂ ಎಲ್ಲೆಡೆ ಸಮವಾಗಿ ಮೊಳೆಯುತ್ತದೆ ಎಂದು ತೋರಿಸಿತು. ಇದರಲ್ಲಿ ಲೋಹದ ಲೇಪನವೂ ಬೇಕಿಲ್ಲ.

ಲೆಕ್ಕದ ಪರೀಕ್ಷೆ

ಈ ಫಲಿತಾಂಶಗಳ ಮಹತ್ವವನ್ನು ಒಪ್ಪಿಕೊಂಡೇ ಅವುಗಳ ಮಿತಿಯನ್ನು ಅರಿಯಲು ಎರಡು ಸರಳ ಲೆಕ್ಕಗಳು ಸಾಕು.

ಮೊದಲನೆಯದು ದಕ್ಷತೆಯದು. ಪ್ರತಿ ಆವರ್ತದಲ್ಲಿ ಕೂಡಿಸಿದ ಲಿಥಿಯಂನ ಎಷ್ಟು ಭಾಗ ಮರಳಿ ದೊರೆಯುತ್ತದೆ ಎಂಬುದೇ ಕೂಲಂಬ್ ದಕ್ಷತೆ. ಶೇಕಡ 99 ಎಂಬುದು ಕೇಳಲು ದೊಡ್ಡ ಸಂಖ್ಯೆ. ಆದರೆ ಹೆಚ್ಚುವರಿ ಲಿಥಿಯಂ ಇಲ್ಲದ ಕೋಶದಲ್ಲಿ ನೂರು ಆವರ್ತಗಳ ಬಳಿಕ ಉಳಿಯುವುದು ಮೂಲದ ಶೇಕಡ 37 ಮಾತ್ರ. ಸಾವಿರ ಆವರ್ತಗಳ ಬಳಿಕ ಶೇಕಡ 80 ಉಳಿಯಬೇಕಾದರೆ ದಕ್ಷತೆ ಶೇಕಡ 99.97ನ್ನೂ ದಾಟಬೇಕು. ಋಣಾಗ್ರದಲ್ಲಿ ಬೇಕಾದ್ದಕ್ಕಿಂತ ಹಲವು ಪಟ್ಟು ಲಿಥಿಯಂ ತುಂಬಿ ನಡೆಸಿದ ಪರೀಕ್ಷೆಯಲ್ಲಿ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು ಮನೆಯ ತೂಕದ್ದು. ಒಂದು ಚದರ ಸೆಂಟಿಮೀಟರಿಗೆ 4 ಮಿಲಿಆಂಪಿಯರ್-ಗಂಟೆಯ ಕೋಶಕ್ಕೆ ಬೇಕಾದ ಲಿಥಿಯಂ ಸುಮಾರು 1.04 ಮಿಲಿಗ್ರಾಂ. ಅದನ್ನು ಹಿಡಿದಿಡುವ ಇಂಗಾಲ 1 ಮಿಲಿಗ್ರಾಂ ಆಗಿದ್ದರೆ ಎರಡೂ ಸೇರಿ ಒಂದು ಗ್ರಾಂಗೆ ಸುಮಾರು 1960 ದೊರೆಯುತ್ತದೆ. 4 ಮಿಲಿಗ್ರಾಂ ಆದರೆ 794. 10 ಮಿಲಿಗ್ರಾಂ ಆದರೆ 362. ಒಳಸೇರಿದ ಲಿಥಿಯಂನ ತೂಕವನ್ನೂ ಕೂಡಿಸಿದರೆ ಗ್ರಾಫೈಟಿನ ಮೌಲ್ಯ 339. ಅಂದರೆ ಮನೆ ಭಾರವಾದಂತೆ ಲೋಹದ ಹಿರಿಮೆ ಕರಗುತ್ತ ಬಂದು, ಕೊನೆಗೆ ಗ್ರಾಫೈಟಿಗಿಂತ ಹೇಳಿಕೊಳ್ಳುವ ಲಾಭವೇ ಉಳಿಯುವುದಿಲ್ಲ. ಹಾಗೆಯೇ ಒಳಮೇಲ್ಮೈ ಹೆಚ್ಚಿದಷ್ಟೂ ಪೊರೆಯಾಗಲು ವ್ಯಯವಾಗುವ ಲಿಥಿಯಂ ಮತ್ತು ದ್ರಾವಕಗಳೂ ಹೆಚ್ಚುತ್ತವೆ. ಕವಲನ್ನು ತಡೆಯುವ ಗುಣವೇ ಆಯುಷ್ಯವನ್ನು ಕಡಿಮೆ ಮಾಡುವ ಗುಣವೂ ಆಗಬಹುದು.

ನಷ್ಟದ ಸ್ವರೂಪವನ್ನು ಖಚಿತವಾಗಿ ಅಳೆದದ್ದು 2019ರಲ್ಲಿ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶರ್ಲಿ ಮೆಂಗ್ ಅವರ ತಂಡ, ನಿಷ್ಕ್ರಿಯವಾದ ಲಿಥಿಯಂನೊಡನೆ ನೀರು ವರ್ತಿಸಿ ಬಿಡುಗಡೆಯಾಗುವ ಹೈಡ್ರೊಜನ್ನನ್ನು ಅಳೆದು, ನಷ್ಟದ ಬಹುಭಾಗಕ್ಕೆ ಕಾರಣ ಪೊರೆಯಲ್ಲ, ಸಂಪರ್ಕ ಕಳಚಿಕೊಂಡ ಲೋಹವೇ ಎಂದು ನಿರ್ಣಯಿಸಿತು. ಇಂಗಾಲದ ಚೌಕಟ್ಟಿನ ನಿಜವಾದ ಸಮರ್ಥನೆ ಇಲ್ಲಿದೆ: ವಾಹಕವಾದ ಗೋಡೆ ಸುತ್ತಲೂ ಇದ್ದರೆ ಕಳಚಿದ ಲೋಹವೂ ಮತ್ತೆ ಸಂಪರ್ಕಕ್ಕೆ ಬರುವ ಅವಕಾಶವಿರುತ್ತದೆ. ಅಮೆರಿಕದ ಶಕ್ತಿ ಇಲಾಖೆಯ ನೆರವಿನಿಂದ 2016ರಲ್ಲಿ ಘೋಷಿತವಾದ ಬ್ಯಾಟರಿ-500 ಕೂಟ ತನ್ನ ಗುರಿಯನ್ನು ಕಿಲೋಗ್ರಾಂಗೆ 500 ವ್ಯಾಟ್-ಗಂಟೆ ಮತ್ತು 1000 ಆವರ್ತಗಳು ಎಂದು ಇಡೀ ಕೋಶದ ಮಟ್ಟದಲ್ಲೇ ನಿಗದಿಪಡಿಸಿದ್ದು ಲೆಕ್ಕದ ಈ ಶಿಸ್ತಿಗೆ ಸೂಚಕ.

ಘನ ವಿದ್ಯುದ್ವಿಭಾಜ್ಯದ ಸಂದರ್ಭ

ಹೊತ್ತಿಕೊಳ್ಳುವ ದ್ರಾವಕವನ್ನೇ ತೆಗೆದುಹಾಕಿ ಘನ ವಿದ್ಯುದ್ವಿಭಾಜ್ಯವನ್ನು ಬಳಸುವುದು ಸುರಕ್ಷತೆಯ ಇನ್ನೊಂದು ಹಾದಿ. ಫ್ರಾನ್ಸಿನ ಬೊಲೊರೆ ಸಮೂಹದ ಲಿಥಿಯಂ ಲೋಹ-ಪಾಲಿಮರ್ ಬ್ಯಾಟರಿ 2011ರಿಂದ 2018ರವರೆಗೆ ಪ್ಯಾರಿಸಿನ ಆಟೊಲಿಬ್ ಕಾರುಗಳಲ್ಲಿ ಬಳಕೆಯಲ್ಲಿತ್ತು. ಬಿಸಿಯಾಗಿರುವಾಗ ಮಾತ್ರ ಅದು ಸಮರ್ಪಕವಾಗಿ ಕೆಲಸಮಾಡುವಂಥದ್ದು. ಅದೇ ಬಗೆಯ ಬ್ಯಾಟರಿಗಳಿದ್ದ ಎರಡು ಬಸ್ಸುಗಳು 2022ರ ಏಪ್ರಿಲ್‌ನಲ್ಲಿ ಪ್ಯಾರಿಸಿನಲ್ಲಿ ಹೊತ್ತಿ ಉರಿದಾಗ 149 ಬಸ್ಸುಗಳನ್ನು ತಾತ್ಕಾಲಿಕವಾಗಿ ಸಂಚಾರದಿಂದ ಹಿಂತೆಗೆಯಲಾಯಿತು. ದ್ರವವಿಲ್ಲದಿರುವುದೊಂದೇ ಸುರಕ್ಷತೆಯ ಭರವಸೆಯಾಗದು ಎಂಬ ಎಚ್ಚರಿಕೆ ಇದರಲ್ಲಿದೆ.

ಘನ ಮಾಧ್ಯಮದಲ್ಲೂ ಇಂಗಾಲಕ್ಕೆ ಸ್ಥಾನ ದೊರೆತಿದೆ. 2020ರಲ್ಲಿ ಸ್ಯಾಮ್‌ಸಂಗ್‌ನ ಸಂಶೋಧಕರು ಸಲ್ಫೈಡ್ ಘನ ವಿದ್ಯುದ್ವಿಭಾಜ್ಯದೊಡನೆ, ಬೆಳ್ಳಿ ಮತ್ತು ಇಂಗಾಲದ ನ್ಯಾನೊಕಣಗಳ ಕೆಲವೇ ಮೈಕ್ರೊಮೀಟರ್ ದಪ್ಪದ ಪದರವನ್ನು ಬಳಸಿದರು. ಈ ಪದರದಲ್ಲಿ ಮೊದಲೇ ಲಿಥಿಯಂ ಇರುವುದಿಲ್ಲ. ಪೂರಣದ ವೇಳೆ ಧನಾಗ್ರದಿಂದ ಬರುವ ಲಿಥಿಯಂ ಅದನ್ನು ಹಾದು ಹಿಂಬದಿಯ ಲೋಹದ ಹಾಳೆಯ ಬಳಿ ಸಮವಾಗಿ ಕೂಡುತ್ತದೆ. 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.6 ಆಂಪಿಯರ್-ಗಂಟೆಯ ಕೋಶ ಸಾವಿರಕ್ಕೂ ಹೆಚ್ಚು ಆವರ್ತ ನಡೆದುದಾಗಿಯೂ ಸರಾಸರಿ ದಕ್ಷತೆ ಶೇಕಡ 99.8ನ್ನು ಮೀರಿದುದಾಗಿಯೂ ವರದಿಯಾಯಿತು. ಅದೇ ವರ್ಷ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಜು ಲಿ ಅವರ ತಂಡ, ಸುಮಾರು 100 ನ್ಯಾನೊಮೀಟರ್ ವ್ಯಾಸದ ಇಂಗಾಲದ ಟೊಳ್ಳು ನಾಳಗಳೊಳಗೆ ಲಿಥಿಯಂ ಗೋಡೆಯುದ್ದಕ್ಕೂ ತೆವಳುತ್ತ ತುಂಬಿ ತೆರವಾಗುವುದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡಿತು. ಲೋಹ ಬಂದುಹೋದರೂ ನಾಳ ಕುಸಿಯಲಿಲ್ಲ.

ಮನೆಯ ಗೋಡೆ ಲಿಥಿಯಂನೊಡನೆ ಬೆರೆಯುವಂಥದ್ದೇ ಆಗಿರಬೇಕು ಎಂಬ ನಂಬಿಕೆಗೆ ಭಿನ್ನವಾದ ತಿಳಿವು ಬೆಂಗಳೂರಿನಿಂದ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ನಾಗ ಫಣಿ ಎಟುಕುರಿ ಅವರ ತಂಡ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರೊಡನೆ 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಘನ ವಿದ್ಯುದ್ವಿಭಾಜ್ಯದಲ್ಲಿ ಕವಲು ಹುಟ್ಟುವ ಮುನ್ನ ಲಿಥಿಯಂನಲ್ಲಿ ಸೂಕ್ಷ್ಮವಾದ ಪೊಳ್ಳುಗಳು ಉಂಟಾಗುತ್ತವೆ. ಪೊಳ್ಳಿನ ಅಂಚಿನಲ್ಲಿ ಪ್ರವಾಹ ದಟ್ಟೈಸಿ ಕವಲು ಮೂಡುತ್ತದೆ. ಟಂಗ್‌ಸ್ಟನ್‌ನಂಥ, ಲಿಥಿಯಂನೊಡನೆ ಮಿಶ್ರಲೋಹವಾಗದ, ಉಷ್ಣಸಹಿಷ್ಣು ಲೋಹದ ಅತಿತೆಳುವಾದ ಪದರವನ್ನು ನಡುವೆ ಇಟ್ಟಾಗ ಕವಲಿನ ಬೆಳವಣಿಗೆ ಮುಂದೂಡಲ್ಪಟ್ಟಿತು. ಈ ಅಧ್ಯಯನ ಇಂಗಾಲದ್ದಲ್ಲ. ಆದರೂ ಲೋಹ ಕೂಡುವ ಗಳಿಗೆಯಷ್ಟೇ ಅದು ತೆರಳುವ ಗಳಿಗೆಯೂ ನಿರ್ಣಾಯಕ ಎಂಬ ಅದರ ತೀರ್ಮಾನ ಇಂಗಾಲದ ಆಶ್ರಯದ್ರವ್ಯಗಳಿಗೂ ಅನ್ವಯಿಸುತ್ತದೆ.

ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಹೊರಡುವ ತೀರ್ಮಾನ ಹೀಗಿದೆ. ಗ್ರಾಫೈಟ್ ಗೆದ್ದದ್ದು ಅದು ಹೆಚ್ಚು ಲಿಥಿಯಂ ಹಿಡಿಯುತ್ತಿತ್ತೆಂದಲ್ಲ, ಲಿಥಿಯಂ ತೆರಳಿದಾಗಲೂ ತಾನು ಕದಲದೆ ನಿಲ್ಲುತ್ತಿತ್ತೆಂಬ ಕಾರಣಕ್ಕೆ. ಆ ಗುಣಕ್ಕಾಗಿ ಉದ್ಯಮವು ಸಾಮರ್ಥ್ಯದ ಹತ್ತರಲ್ಲಿ ಒಂಬತ್ತು ಪಾಲನ್ನು ತ್ಯಜಿಸಿತು. ಇಂಗಾಲದ ಹೊಸ ಆಶ್ರಯದ್ರವ್ಯಗಳ ಉದ್ದೇಶ ಆ ಸ್ಥೈರ್ಯವನ್ನು ಉಳಿಸಿಕೊಂಡು ತ್ಯಜಿಸಿದ್ದರ ಒಂದಂಶವನ್ನು ಮರಳಿ ಪಡೆಯುವುದು. ಎಷ್ಟು ಪಾಲು ಮರಳಿ ದೊರೆಯುತ್ತದೆ ಎಂಬುದನ್ನು ನಿರ್ಧರಿಸುವುದು ಚೌಕಟ್ಟಿನ ಚೆಲುವಲ್ಲ, ಅದರ ತೂಕ, ಅದರ ಒಳಮೇಲ್ಮೈಯಲ್ಲಿ ಆಗುವ ನಷ್ಟ, ಮತ್ತು ಹೆಚ್ಚುವರಿ ಲಿಥಿಯಂ ಇಲ್ಲದೆ ನಡೆಸಿದ ಪರೀಕ್ಷೆಯಲ್ಲಿ ಅದು ತೋರುವ ದಕ್ಷತೆ.

ಶೇಕಡ 99ಕ್ಕೂ 99.97ಕ್ಕೂ ನಡುವಿನ ಅಂತರ ಕಾಗದದ ಮೇಲೆ ಅತ್ಯಲ್ಪ. ಆದರೆ ನೂರು ಆವರ್ತಗಳಲ್ಲಿ ಸೊರಗುವ ಕೋಶವನ್ನೂ ಸಾವಿರ ಆವರ್ತ ಬಾಳುವ ಕೋಶವನ್ನೂ ಬೇರ್ಪಡಿಸುವುದು ಅದೇ ಅಂತರ. ಸುರಕ್ಷತೆಗೆ ಅಂಥ ಒಂದೇ ಸಂಖ್ಯೆಯೂ ಇಲ್ಲ. ಲಕ್ಷಾಂತರ ಕೋಶಗಳಲ್ಲಿ ಒಂದೇ ಒಂದು ಹೊತ್ತಿಕೊಂಡರೂ ಇಡೀ ತಂತ್ರಜ್ಞಾನವೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. 1989ರಲ್ಲಿ ಆದದ್ದು ಅದೇ. ಲಿಥಿಯಂ ಲೋಹ ಮತ್ತೆ ಜನಸಾಮಾನ್ಯರ ಕೈಗೆ ಬರುವ ದಿನ ಇಂಗಾಲದ ಮನೆಯ ಗಟ್ಟಿತನವನ್ನು ಪರೀಕ್ಷಿಸುವವರು ಪ್ರಯೋಗಾಲಯದ ಸಂಶೋಧಕರಲ್ಲ, ಆ ಬ್ಯಾಟರಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವರು.